ಬೆಳ್ಳಿ ಕಂಬದ ಕಳ್ಳಿ: ಬೊಲಿವಿಯಾದ ಬೆಟ್ಟದ ಗಿಡವನ್ನು ಪಾಟಿನಲ್ಲಿ ಬೆಳೆಸುವುದು ಹೇಗೆ

ದೂರದಿಂದ ನೋಡಿದರೆ ಒಂದು ಕೋಲಿಗೆ ಬಿಳಿ ಉಣ್ಣೆ ಸುತ್ತಿ ನೆಟ್ಟ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಬೆರಳು ತಾಗಿಸಿದರೆ ಗೊತ್ತಾಗುತ್ತದೆ, ಅದು ಉಣ್ಣೆಯಲ್ಲ, ಅಷ್ಟೂ ಮುಳ್ಳು. ಬೆಳಗಿನ ಓರೆ ಬಿಸಿಲು ಹಿಂದಿನಿಂದ ಬಿದ್ದಾಗ ಗಿಡದ ಅಂಚೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದಕ್ಕೇ ಇದಕ್ಕೆ ಸಿಲ್ವರ್ ಟಾರ್ಚ್, ಅಂದರೆ ಬೆಳ್ಳಿ ಪಂಜು ಅನ್ನುವ ಹೆಸರು ಬಂದಿದೆ. ಸಸ್ಯಶಾಸ್ತ್ರದ ಹೆಸರು ಕ್ಲೈಸ್ಟೊಕ್ಯಾಕ್ಟಸ್ ಸ್ಟ್ರೌಸಿ.

ನಾನು ಬೆಳೆಸಿದ ಮೊದಲ ಗಿಡ ಉಳಿಯಲಿಲ್ಲ. ಚಳಿಗಾಲದಲ್ಲಿ ಮಣ್ಣು ಒಣಗಿದ್ದು ನೋಡಿ, ಪಾಪ ಬಾಯಾರಿರಬೇಕು ಅಂತ ವಾರಕ್ಕೊಂದು ಲೋಟ ನೀರು ಹಾಕುತ್ತಿದ್ದೆ. ಮೇಲೆಲ್ಲ ಬೆಳ್ಳಗೆ ಚೆನ್ನಾಗಿಯೇ ಇತ್ತು. ಒಂದು ದಿನ ಪಾಟ್ ಸರಿಸಲು ಹೋದಾಗ ಗಿಡ ಮೆಲ್ಲಗೆ ಒಂದು ಕಡೆ ವಾಲಿತು. ಬುಡ ನೆನೆದ ರಟ್ಟಿನ ಹಾಗಾಗಿತ್ತು. ಆ ಬೇಜಾರಿನಲ್ಲೇ ಈ ಗಿಡ ಎಲ್ಲಿಯದು, ಅಲ್ಲಿ ಮಳೆ ಯಾವಾಗ, ಚಳಿ ಯಾವಾಗ ಅಂತ ಓದಲು ಶುರು ಮಾಡಿದೆ. ಅದು ಗೊತ್ತಾದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಯಿತು. ಅದಕ್ಕೆ ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲು ಅದರ ಊರು ತಿಳಿಯಿರಿ

ಇದು ದಕ್ಷಿಣ ಬೊಲಿವಿಯಾದ ಗಿಡ. ಅರ್ಜೆಂಟೀನಾದ ಗಡಿಗೆ ಹತ್ತಿರ ಇರುವ ತಾರಿಹಾ ಪ್ರಾಂತ್ಯದ ಬೆಟ್ಟಗಳು ಇದರ ಮನೆ. ತಾರಿಹಾ ನಗರವೇ ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಅಂಥ ಕಡೆ ಬಿಸಿಲು ಚುರುಕು, ಗಾಳಿ ತೆಳು, ರಾತ್ರಿ ತಂಪು. ಚಳಿಗಾಲದ ಕೆಲವು ರಾತ್ರಿ ಹಿಮವೂ ಕಟ್ಟುತ್ತದೆ. ಭೂಮಧ್ಯರೇಖೆಯ ದಕ್ಷಿಣಕ್ಕೆ ಇರುವುದರಿಂದ ಅಲ್ಲಿ ಬೇಸಿಗೆ ಅಂದರೆ ನವೆಂಬರಿನಿಂದ ಮಾರ್ಚ್. ಮಳೆಯೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಬೀಳುತ್ತದೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಚಳಿ, ಆಗ ಮಳೆ ಇಲ್ಲ ಅಂದರೂ ನಡೆಯುತ್ತದೆ.

ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಬೆಚ್ಚಗಿದ್ದಾಗ ನೀರು, ತಣ್ಣಗಿದ್ದಾಗ ಒಣ ಮಣ್ಣು. ಕಳ್ಳಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಮರಳುಗಾಡು. ಆದರೆ ಇದು ಮರಳುಗಾಡಿನ ಗಿಡ ಅಲ್ಲ, ಕಲ್ಲುಬೆಟ್ಟದ ಗಿಡ. ಬೆಟ್ಟದ ಇಳಿಜಾರಿನಲ್ಲಿ ಮಳೆ ಧಾರಾಳವಾಗಿ ಬಿದ್ದು, ಬಿದ್ದ ನೀರು ಕಲ್ಲಿನ ಸಂದಿಯಿಂದ ಸರ್ರನೆ ಇಳಿದು ಹೋಗುತ್ತದೆ. ಬೇರು ಕುಡಿಯುತ್ತದೆ, ಮತ್ತೆ ಉಸಿರಾಡುತ್ತದೆ. ನಾವು ಪಾಟಿನಲ್ಲಿ ಮಾಡಬೇಕಾದ್ದು ಅದನ್ನೇ.

ಗಿಡವನ್ನು ಹತ್ತಿರದಿಂದ ನೋಡಿ

ಕಾಂಡ ಬೂದು ಹಸಿರು, ನೆಟ್ಟಗೆ ಕಂಬದ ಹಾಗೆ. ದಪ್ಪ ಬರೀ 6 ಸೆಂಟಿಮೀಟರ್ ಸುಮಾರು, ಎತ್ತರ ಮಾತ್ರ 3 ಮೀಟರ್‌ವರೆಗೂ ಹೋಗಬಹುದು. ಸುತ್ತ ಸುಮಾರು 25 ಏಣುಗಳಿರುತ್ತವೆ, ಆದರೆ ಮುಳ್ಳಿನ ಹೊದಿಕೆಯಿಂದ ಅವು ಸರಿಯಾಗಿ ಕಾಣುವುದೇ ಇಲ್ಲ. ಒಂದು ಭೂತಗನ್ನಡಿ ಇದ್ದರೆ ತಗೊಳ್ಳಿ. ಏಣಿನ ಉದ್ದಕ್ಕೂ ಸಣ್ಣ ಸಣ್ಣ ಮೆತ್ತೆಯಂಥ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಅವೇ ಏರಿಯೋಲ್. ಪ್ರತಿ ಚುಕ್ಕೆಯಿಂದ ನಾಲ್ಕು ಹಳದಿ ಕಂದು ಬಣ್ಣದ ಉದ್ದ ಮುಳ್ಳು ಬರುತ್ತವೆ, 4 ಸೆಂಟಿಮೀಟರ್‌ವರೆಗೂ ಇರಬಹುದು. ಅವುಗಳ ಸುತ್ತ ಇಪ್ಪತ್ತರಷ್ಟು ಬಿಳಿ ಮುಳ್ಳು, ಕೂದಲಿನಷ್ಟು ಸಣ್ಣ. ಗಿಡ ಬೆಳ್ಳಗೆ ಕಾಣುವುದು ಇವುಗಳಿಂದ.

ಈ ಬಿಳಿ ಹೊದಿಕೆ ಸುಮ್ನೆ ಅಂದಕ್ಕೆ ಇರುವುದಲ್ಲ. ಎತ್ತರದ ಬೆಟ್ಟದ ಚುರುಕು ಬಿಸಿಲು ನೇರವಾಗಿ ಕಾಂಡಕ್ಕೆ ಬಡಿಯದ ಹಾಗೆ ಅದು ತಡೆಯುತ್ತದೆ, ರಾತ್ರಿಯ ಚಳಿಯಿಂದಲೂ ಸ್ವಲ್ಪ ಕಾಪಾಡುತ್ತದೆ. ಹಾಗಾಗಿ ಮುಳ್ಳು ದಟ್ಟವಾಗಿದ್ದರೆ ಗಿಡಕ್ಕೆ ಬೇಕಾದಷ್ಟು ಬಿಸಿಲು ಸಿಗುತ್ತಿದೆ ಅಂತ ಅರ್ಥ. ಮುಳ್ಳು ವಿರಳವಾಗಿ ಒಳಗಿನ ಹಸಿರು ಕಾಣತೊಡಗಿದರೆ ಬಿಸಿಲು ಸಾಲುತ್ತಿಲ್ಲ ಅಂತ ಅರ್ಥ. ಮೀಟರ್ ಗೀಟರ್ ಏನೂ ಬೇಡ, ಗಿಡವೇ ಹೇಳುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಕ್ಲೈಸ್ಟೋಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಮುಚ್ಚಿದ್ದು. ಈ ಜಾತಿಯ ಕಳ್ಳಿಗಳ ಹೂವು ಪೂರ್ತಿ ಬಾಯಿ ಬಿಡುವುದೇ ಇಲ್ಲ, ಕೊಳವೆಯ ಹಾಗೆ ಇರುತ್ತದೆ, ಅದಕ್ಕೆ ಫ್ರೆಂಚ್ ಸಸ್ಯಶಾಸ್ತ್ರಜ್ಞ ಶಾರ್ಲ್ ಲೆಮೇರ್ 1861ರಲ್ಲಿ ಈ ಹೆಸರು ಕೊಟ್ಟರು. ಬೆಳ್ಳಿ ಪಂಜನ್ನು 1907ರಲ್ಲಿ ಮೊದಲು ವಿವರಿಸಿದ ಜರ್ಮನಿಯ ಎಮಿಲ್ ಹೀಸೆ ಅದನ್ನು ಪೈಲೊಸೀರಿಯಸ್ ಅನ್ನುವ ಬೇರೆ ಗುಂಪಿಗೆ ಸೇರಿಸಿದ್ದರು. ಈಗಿನ ಹೆಸರು ಬಂದದ್ದು ಆಮೇಲೆ, ಕಳ್ಳಿ ತಜ್ಞ ಕುರ್ಟ್ ಬ್ಯಾಕೆಬರ್ಗ್ ಅವರಿಂದ.

ಗಿಡ ಆರಿಸುವಾಗ

ಬಿಳಿ ಕಳ್ಳಿಗಳೆಲ್ಲ ಒಂದೇ ಅಲ್ಲ. ಪೆರುವಿನ ಎಸ್ಪೊಸ್ಟೊವಾ ಲನಾಟ ಕೂಡ ಬಿಳಿ ಕಂಬವೇ, ಆದರೆ ಅದರ ಮೇಲಿರುವುದು ಹತ್ತಿಯಂಥ ಮೆತ್ತನೆ ನೂಲು, ಕಾಂಡವೂ ದಪ್ಪ. ಮೆಕ್ಸಿಕೊದ ಮುದುಕನ ತಲೆ ಕಳ್ಳಿಗೆ ಉದ್ದ ಕೂದಲು ಕೆಳಗೆ ಜೋಲುತ್ತದೆ. ಬೆಳ್ಳಿ ಪಂಜಿನದು ತೆಳು ಕಾಂಡ, ನೇರ ನಿಂತ ನವಿರು ಮುಳ್ಳು. ಒಂದು ಸಲ ಮೂರನ್ನೂ ಪಕ್ಕಪಕ್ಕ ನೋಡಿದರೆ ಮತ್ತೆ ಗೊಂದಲ ಆಗುವುದಿಲ್ಲ.

ಕೊಳ್ಳುವ ಮುಂಚೆ ನಾಲ್ಕು ಕಡೆ ಕಣ್ಣು ಹಾಯಿಸಿ. ಬುಡವನ್ನು ಒಂದು ಕಡ್ಡಿಯಿಂದ ಮೆಲ್ಲಗೆ ಒತ್ತಿ, ಗಟ್ಟಿ ಇರಬೇಕು. ಹಳೆ ಗಿಡದ ಬುಡ ಕಂದಾಗಿ ಮರದ ತೊಗಟೆಯ ಹಾಗೆ ಒರಟಾಗಿರುವುದು ಸಹಜ, ಅದು ವಯಸ್ಸಿನ ಗುರುತು. ಮೆತ್ತಗಿದ್ದರೆ ಮಾತ್ರ ಬೇಡ. ತುದಿ ನೋಡಿ, ಹೊಸ ಮುಳ್ಳು ಬರುತ್ತಿದ್ದರೆ ಒಳ್ಳೆಯದು. ಕಾಂಡದ ದಪ್ಪ ಮೇಲಿಂದ ಕೆಳಗೆ ಒಂದೇ ಸಮ ಇದೆಯಾ ನೋಡಿ. ನಡುವೆ ಎಲ್ಲೋ ಸೊಂಟದ ಹಾಗೆ ಸಣ್ಣಗಾಗಿದ್ದರೆ ಅಲ್ಲಿ ಗಿಡ ಕತ್ತಲೆಯಲ್ಲಿ ಬೆಳೆದಿದೆ ಅಂತ ಅರ್ಥ, ಆ ಸೊಂಟ ಮತ್ತೆ ದಪ್ಪ ಆಗುವುದಿಲ್ಲ, ಗಿಡ ಎತ್ತರವಾದಾಗ ಅಲ್ಲೇ ಬಾಗುತ್ತದೆ. ಸಣ್ಣ ಗಿಡದ ನೆತ್ತಿಯ ಮೇಲೆ ಬಣ್ಣಬಣ್ಣದ ಹೂವು ಕಂಡರೆ ಅದು ಗೋಂದಿನಿಂದ ಅಂಟಿಸಿದ್ದು. ಈ ಗಿಡ ಅಷ್ಟು ಚಿಕ್ಕದರಲ್ಲಿ ಹೂ ಬಿಡುವುದಿಲ್ಲ, ಬಿಟ್ಟರೂ ನೆತ್ತಿಯಲ್ಲಿ ಅಲ್ಲ, ಪಕ್ಕದಲ್ಲಿ.

ಇನ್ನೊಂದು ಮುಖ್ಯ ವಿಷಯ. ಬೆಟ್ಟದಿಂದ ಕಿತ್ತು ತಂದ ಗಿಡವನ್ನು ಯಾರು ಕೊಟ್ಟರೂ ಕೊಳ್ಳಬೇಡಿ. ಕಳ್ಳಿಗಳ ಅಂತರರಾಷ್ಟ್ರೀಯ ಮಾರಾಟಕ್ಕೆ ಸೈಟಿಸ್ ಒಪ್ಪಂದದ ನಿಯಮಗಳಿವೆ, ದೇಶದ ಗಡಿ ದಾಟಿಸಲು ಪರವಾನಗಿ ಬೇಕು. ಈ ಗಿಡ ಬೀಜದಿಂದಲೂ ತುಂಡಿನಿಂದಲೂ ಸುಲಭವಾಗಿ ಬರುತ್ತದೆ. ಹಾಗಿರುವಾಗ ಕಾಡಿನದನ್ನು ಕೀಳುವ ಅಗತ್ಯವೇ ಇಲ್ಲ ಅಲ್ವಾ?

ಪಾಟ್ ಮತ್ತು ಮಣ್ಣು

ಗಿಡ ಎತ್ತರ, ತೆಳು. ಹಗುರ ಪ್ಲಾಸ್ಟಿಕ್ ಪಾಟಿನಲ್ಲಿ ಇಟ್ಟರೆ ಜೋರು ಗಾಳಿಗೆ ಮಗುಚಿ ಬೀಳುತ್ತದೆ. ಸುಟ್ಟ ಮಣ್ಣಿನ ಭಾರದ ಪಾಟ್ ಒಳ್ಳೆಯದು, ಗೋಡೆಯ ಮೂಲಕವೂ ತೇವ ಆರುತ್ತದೆ. ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಚಂದದ ಪಾಟ್ ಎಷ್ಟೇ ಇಷ್ಟವಾದರೂ ಈ ಗಿಡಕ್ಕೆ ಬೇಡ. ಅಗಲ ಬೇರಿನ ಗುಡ್ಡೆಗಿಂತ ಎರಡು ಮೂರು ಬೆರಳು ಜಾಸ್ತಿ ಇದ್ದರೆ ಸಾಕು. ಸಣ್ಣ ಗಿಡವನ್ನು ದೊಡ್ಡ ಪಾಟಿಗೆ ಹಾಕಿದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ, ತೊಂದರೆ ಅಲ್ಲಿಂದ ಶುರು.

ಮಣ್ಣಿನ ಮಿಶ್ರಣದಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿನ ಅಂಶ ಇರಲಿ. ನಾನು ಮೂರು ಪಾಲು ಪ್ಯೂಮಿಸ್ (ತೂತು ತೂತಾದ ಹಗುರ ಕಲ್ಲು) ಅಥವಾ ಪರ್ಲೈಟ್ (ಬಿಳಿ ಹಗುರ ಕಲ್ಲಿನ ಕಾಳು), ಎರಡು ಪಾಲು ದಪ್ಪ ಮರಳು ಅಥವಾ ಸಣ್ಣ ಜಲ್ಲಿ, ಮೂರು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಹಾಕುತ್ತೇನೆ. ಪ್ಯೂಮಿಸ್ ಸಿಗದಿದ್ದರೆ ಇಟ್ಟಿಗೆ ಚೂರು ಆಗುತ್ತದೆ, ಪುಡಿಯನ್ನು ಜರಡಿ ಹಿಡಿದು ತೆಗೆದು ಕಡಲೆಕಾಳಿನ ಗಾತ್ರದ್ದನ್ನು ಮಾತ್ರ ಬಳಸಿ. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಗೋಡೆಗೆ ಗಾರೆ ಮಾಡುವ ನುಣ್ಣನೆ ಮರಳೂ ಬೇಡ, ಅದು ಸಂದುಗಳನ್ನೆಲ್ಲ ತುಂಬಿ ಮಣ್ಣನ್ನು ಗಟ್ಟಿ ಮಾಡುತ್ತದೆ.

ಮಿಶ್ರಣ ಸರಿ ಇದೆಯಾ ಅಂತ ನೋಡಲು ಒಂದು ಸುಲಭ ಪರೀಕ್ಷೆ. ಸ್ವಲ್ಪ ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಅಮುಕಿ, ಕೈ ಬಿಡಿಸಿ. ಉಂಡೆಯಾಗಿ ನಿಂತರೆ ಇನ್ನಷ್ಟು ಕಲ್ಲು ಬೇಕು. ಬೆರಳು ಬಿಡಿಸಿದ ಕೂಡಲೇ ಉದುರಿದರೆ ಸರಿ.

ಪಾಟ್ ಬದಲಾಯಿಸುವಾಗ ಗಿಡ ಹಿಡಿಯುವುದೇ ದೊಡ್ಡ ಕೆಲಸ. ಬಿಳಿ ಮುಳ್ಳು ನವಿರಾಗಿ ಕಂಡರೂ ಚರ್ಮಕ್ಕೆ ಚುಚ್ಚಿ ಮುರಿದು ಒಳಗೇ ಉಳಿಯುತ್ತದೆ. ನ್ಯೂಸ್‌ಪೇಪರನ್ನು ನಾಲ್ಕೈದು ಪದರ ಮಡಿಸಿ ಪಟ್ಟಿ ಮಾಡಿ ಕಾಂಡಕ್ಕೆ ಸುತ್ತಿ ಹಿಡಿಯಿರಿ. ಉದ್ದ ಗಿಡವಾದರೆ ಹಳೆ ಟವೆಲ್ ಸುತ್ತಿ ಅಡ್ಡ ಮಲಗಿಸಿ, ಇನ್ನೊಬ್ಬರ ಸಹಾಯ ತಗೊಳ್ಳಿ. ಹಳೆ ಮಣ್ಣನ್ನು ಬೆರಳಿನಿಂದ ಉದುರಿಸಿ, ಬೇರು ನೋಡಿ, ಒಣಗಿದ್ದನ್ನು ಕತ್ತರಿಸಿ. ಮೊದಲು ಇದ್ದ ಆಳಕ್ಕೇ ನೆಡಿ, ಬುಡವನ್ನು ಹೂಳಬೇಡಿ. ನೆಟ್ಟ ದಿನ ನೀರು ಹಾಕಬೇಡಿ. ಹರಿದ ಬೇರಿನ ಗಾಯ ಒಣಗಲು ಒಂದು ವಾರ ಬಿಡಿ, ಆಮೇಲೆ ಹಾಕಿ. ಎರಡು ವರ್ಷಕ್ಕೊಮ್ಮೆ, ಚಳಿ ಮುಗಿದು ಬೆಳವಣಿಗೆ ಶುರುವಾಗುವ ಹೊತ್ತಿಗೆ ಇದನ್ನು ಮಾಡಿದರೆ ಸರಿ.

ಬಿಸಿಲು

ದಿನಕ್ಕೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೇಕು. ಕಿಟಕಿಯಿಂದ ಎರಡು ಮೀಟರ್ ಒಳಗೆ, ಮೇಜಿನ ಮೇಲೆ ಚಂದ ಕಾಣುತ್ತದೆ ಅಂತ ಇಟ್ಟರೆ ಆರು ತಿಂಗಳಲ್ಲಿ ಕೆಡುತ್ತದೆ. ನಮ್ಮ ಕಣ್ಣಿಗೆ ಬೆಳಕಾಗಿ ಕಾಣುವ ಕೋಣೆ ಈ ಗಿಡಕ್ಕೆ ಕತ್ತಲೆ. ಮನೆಯೊಳಗೇ ಇಡಬೇಕಾದರೆ ಅತಿ ಹೆಚ್ಚು ಬಿಸಿಲು ಬರುವ ಕಿಟಕಿಗೆ ಅಂಟಿಕೊಂಡ ಹಾಗೆ ಇಡಿ. ಹದಿನೈದು ದಿನಕ್ಕೊಮ್ಮೆ ಪಾಟನ್ನು ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಕಂಬ ಬೆಳಕಿನ ಕಡೆಗೆ ವಾಲುತ್ತದೆ.

ಹಾಗಂತ ನೆರಳಿನಲ್ಲಿದ್ದ ಗಿಡವನ್ನು ಒಂದೇ ದಿನಕ್ಕೆ ಮಧ್ಯಾಹ್ನದ ಬಿಸಿಲಿಗೆ ತಳ್ಳಬೇಡಿ. ಸುಟ್ಟ ಜಾಗ ಮೊದಲು ಹಳದಿಯಾಗಿ ಆಮೇಲೆ ಕಂದು ಮಚ್ಚೆಯಾಗಿ ನಿಲ್ಲುತ್ತದೆ, ಆ ಮಚ್ಚೆ ಜನ್ಮದಲ್ಲಿ ಹೋಗುವುದಿಲ್ಲ. ಮೊದಲ ವಾರ ಬೆಳಗಿನ ಬಿಸಿಲು ಮಾತ್ರ, ಎರಡನೇ ವಾರ ಇನ್ನೆರಡು ಗಂಟೆ, ಹೀಗೆ ಮೂರು ನಾಲ್ಕು ವಾರದಲ್ಲಿ ಪೂರ್ತಿ ಬಿಸಿಲಿಗೆ ತನ್ನಿ.

ಬಿಸಿಲು ಇಷ್ಟ ಆದರೆ ಸೆಕೆ ಇಷ್ಟ ಇಲ್ಲ. ಇದನ್ನು ತುಂಬ ಜನ ಗಮನಿಸುವುದಿಲ್ಲ. ಬೆಟ್ಟದಲ್ಲಿ ಬಿಸಿಲು ಎಷ್ಟೇ ಇದ್ದರೂ ಗಾಳಿ ಆಡುತ್ತಿರುತ್ತದೆ. ಮುಚ್ಚಿದ ಗಾಜಿನ ಮನೆಯಲ್ಲಿ, ಗೋಡೆ ಕಾದ ಮೂಲೆಯಲ್ಲಿ ಇದು ಬೆಳೆಯುವುದನ್ನು ನಿಲ್ಲಿಸಿ ಸುಮ್ನೆ ಕುಳಿತುಬಿಡುತ್ತದೆ. ಗಾಳಿ ಆಡುವ ಜಾಗ ಕೊಡಿ.

ನೀರು, ಇಲ್ಲೇ ಎಲ್ಲ ಇರುವುದು

ಕಳ್ಳಿಗೆ ಚಮಚದಲ್ಲಿ ನೀರು ಹಾಕಬೇಕು ಅನ್ನುವ ಮಾತು ಕೇಳಿರುತ್ತೀರಿ. ಹಾಗೆ ಮಾಡಬೇಡಿ. ಚಮಚದ ನೀರು ಮೇಲಿನ ಒಂದಿಂಚು ಮಣ್ಣನ್ನು ಮಾತ್ರ ನೆನೆಸುತ್ತದೆ, ಕೆಳಗಿನ ಬೇರು ಒಣಗಿ ಸಾಯುತ್ತದೆ. ಬೆಳೆಯುವ ಕಾಲದಲ್ಲಿ ಹಾಕಿದರೆ ಪಾಟಿನ ತೂತಿನಿಂದ ಹರಿದು ಬರುವಷ್ಟು ಹಾಕಿ. ಆಮೇಲೆ ಮಣ್ಣು ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಪೂರ್ತಿ ಒಣಗಿದ್ದು ಗೊತ್ತಾಗುವುದು ಹೇಗೆ? ಪಾಟ್ ಎತ್ತಿ ನೋಡಿ. ನೀರು ಹಾಕಿದ ದಿನದ ಭಾರ ನೆನಪಿಟ್ಟುಕೊಂಡರೆ ಒಣಗಿದ ದಿನದ ಹಗುರ ಕೈಗೇ ಗೊತ್ತಾಗುತ್ತದೆ. ದೊಡ್ಡ ಪಾಟ್ ಆದರೆ ಉದ್ದದ ಕಡ್ಡಿಯನ್ನು ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ, ತೇವ ಇದ್ದರೆ ಕಡ್ಡಿಯ ಬಣ್ಣ ಗಾಢವಾಗಿರುತ್ತದೆ, ಮಣ್ಣೂ ಅಂಟಿರುತ್ತದೆ. ಬೆಚ್ಚಗಿನ ದಿನಗಳಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಂದು ಸಲ ಬೇಕಾಗುತ್ತದೆ. ಆದರೆ ದಿನ ಲೆಕ್ಕ ಹಾಕಿ ನೀರು ಹಾಕಬೇಡಿ, ಮಣ್ಣು ನೋಡಿ ಹಾಕಿ. ಬೇರೆ ಕೆಲವು ಕಳ್ಳಿಗಳಿಗೆ ಹೋಲಿಸಿದರೆ ಬೆಳ್ಳಿ ಪಂಜಿಗೆ ಬೇಸಿಗೆಯಲ್ಲಿ ನೀರು ಜಾಸ್ತಿಯೇ ಬೇಕು. ಕೊಡದಿದ್ದರೆ ಸಾಯುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ.

ಸಂಜೆ ಹೊತ್ತು ನೀರು ಹಾಕುವುದು ಒಳ್ಳೆಯದು. ಕಳ್ಳಿಗಳು ಹಗಲಿನಲ್ಲಿ ನೀರು ಆವಿಯಾಗದಿರಲಿ ಅಂತ ತಮ್ಮ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡಿರುತ್ತವೆ. ರಾತ್ರಿ ತಂಪಾದ ಮೇಲೆ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತಗೊಂಡು ಒಳಗೆ ಕೂಡಿಟ್ಟುಕೊಳ್ಳುತ್ತವೆ, ಹಗಲಿನಲ್ಲಿ ಬೆಳಕು ಸಿಕ್ಕಾಗ ಅದರಿಂದ ಆಹಾರ ಮಾಡಿಕೊಳ್ಳುತ್ತವೆ. ಅಂದರೆ ಅವುಗಳ ಕೆಲಸದ ಅರ್ಧ ನಡೆಯುವುದು ರಾತ್ರಿ. ತಂಪು ರಾತ್ರಿ ಈ ಗಿಡಕ್ಕೆ ಯಾಕೆ ಹಿತ ಅನ್ನುವುದಕ್ಕೆ ಇದೂ ಒಂದು ಕಾರಣ. ನೀರನ್ನು ಬುಡಕ್ಕೆ ಹಾಕಿ, ಬಿಳಿ ಮುಳ್ಳಿನ ಮೇಲೆ ಬೇಡ. ಗಡಸು ನೀರು ಬಿದ್ದು ಒಣಗಿದರೆ ಸುಣ್ಣದ ಕಲೆ ಉಳಿದು ಬೆಳ್ಳಿ ಹೊಳಪು ಹೋಗುತ್ತದೆ. ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಚಳಿ ಹತ್ತಿರ ಬರುತ್ತಿದ್ದ ಹಾಗೆ ನೀರು ಕಡಿಮೆ ಮಾಡುತ್ತ ಬನ್ನಿ. ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯತೊಡಗಿದ ಮೇಲೆ ಪೂರ್ತಿ ನಿಲ್ಲಿಸಿ. ಗಿಡ ಸ್ವಲ್ಪ ಸೊರಗಿದ ಹಾಗೆ ಕಾಣಬಹುದು, ಏಣುಗಳ ನಡುವೆ ಕುಗ್ಗಬಹುದು. ಕರುಣೆ ಬಂದು ನೀರು ಹಾಕಬೇಡಿ. ಒಣ ಮಣ್ಣಿನಲ್ಲಿ ಇದ್ದರೆ ದೊಡ್ಡ ಗಿಡ ಸೊನ್ನೆಯಿಂದ 10 ಡಿಗ್ರಿ ಕೆಳಗಿನ ಚಳಿಯನ್ನೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಅದೇ ಗಿಡ ಒದ್ದೆ ಮಣ್ಣಿನಲ್ಲಿ 5 ಡಿಗ್ರಿಯಲ್ಲೇ ಕೊಳೆಯಬಹುದು. ತಣ್ಣಗಿರುವಾಗ ಬೇರು ನೀರು ಎಳೆಯುವುದಿಲ್ಲ, ನೀರು ಹಾಗೇ ನಿಂತಿರುತ್ತದೆ, ಶಿಲೀಂಧ್ರಕ್ಕೆ ಅಷ್ಟು ಸಾಕು. ಎಳೆ ಗಿಡಗಳನ್ನು ಮಾತ್ರ ಹಿಮಕ್ಕೆ ಒಡ್ಡಬೇಡಿ, 5 ಡಿಗ್ರಿಗಿಂತ ಮೇಲೆ ಇರುವ ಜಾಗದಲ್ಲಿಡಿ.

ಚಳಿಯೇ ಇಲ್ಲದ ಊರಲ್ಲಿದ್ದರೆ? ಆಗಲೂ ವರ್ಷದಲ್ಲಿ ಎರಡು ಮೂರು ತಿಂಗಳು, ಇದ್ದುದರಲ್ಲೇ ತಂಪಾದ ದಿನಗಳಲ್ಲಿ, ನೀರು ತೀರಾ ಕಡಿಮೆ ಮಾಡಿ. ತಿಂಗಳಿಗೊಮ್ಮೆ ಸ್ವಲ್ಪ ಸಾಕು. ಎಡೆಬಿಡದೆ ಮಳೆ ಸುರಿಯುವ ಕಡೆ ಆದರೆ ಮೇಲೆ ಪಾರದರ್ಶಕ ಶೀಟ್ ಹಾಕಿ, ಬಿಸಿಲು ಬರಲಿ, ಮಳೆ ಬರುವುದು ಬೇಡ.

ಗೊಬ್ಬರ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ, ಸಾರಜನಕ ಕಡಿಮೆ ಮತ್ತು ಪೊಟ್ಯಾಶ್ ಜಾಸ್ತಿ ಇರುವ ದ್ರವ ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಹಾಕಿ. ಸಾರಜನಕ ಜಾಸ್ತಿಯಾದರೆ ಕಾಂಡ ನೀರು ತುಂಬಿ ಉಬ್ಬಿ ಮೆತ್ತಗಾಗುತ್ತದೆ. ಚಳಿಗಾಲದಲ್ಲಿ ಗೊಬ್ಬರ ಬೇಡವೇ ಬೇಡ.

ಹೂವು ಬರುವ ಹೊತ್ತು

ಸುಮಾರು 45 ಸೆಂಟಿಮೀಟರ್ ಎತ್ತರ ದಾಟಿದ ಮೇಲೆ ಹೂವಿನ ಆಸೆ ಇಟ್ಟುಕೊಳ್ಳಬಹುದು. ಅದಕ್ಕೆ ಕೆಲವು ವರ್ಷ ಬೇಕು. ಕಾಂಡದ ಮೇಲ್ಭಾಗದಲ್ಲಿ, ಪಕ್ಕದಲ್ಲಿ, ಬಿಳಿ ಮುಳ್ಳಿನ ನಡುವೆ ಒಂದು ಸಣ್ಣ ಕೆಂಪು ಕೂದಲಿನ ಉಂಡೆ ಕಾಣಿಸಿದರೆ ಅದೇ ಮೊಗ್ಗು. ದಿನದಿನಕ್ಕೆ ಅದು ಅಡ್ಡಕ್ಕೆ ಉದ್ದವಾಗುತ್ತ ಹೋಗುತ್ತದೆ, ಸುಮಾರು 6 ಸೆಂಟಿಮೀಟರ್ ಆಗುವಷ್ಟು. ಬಣ್ಣ ಗಾಢ ಕೆಂಪು, ದ್ರಾಕ್ಷಿ ರಸದ ಹಾಗೆ. ಇನ್ನೇನು ಅರಳುತ್ತದೆ ಅಂತ ನೀವು ಕಾಯುತ್ತಲೇ ಇರುತ್ತೀರಿ, ಅದು ಅರಳುವುದಿಲ್ಲ. ತುದಿಯಲ್ಲಿ ಸ್ವಲ್ಪವೇ ಬಾಯಿ ಬಿಟ್ಟು ಕೇಸರಗಳನ್ನು ಹೊರಗೆ ಚಾಚುತ್ತದೆ, ಅಷ್ಟೇ. ಅದೇ ಪೂರ್ತಿ ಅರಳಿದ ಹೂವು.

ಯಾಕೆ ಹೀಗೆ ಅಂದರೆ, ಈ ಜಾತಿಯ ಕಳ್ಳಿಗಳು ಪರಾಗಸ್ಪರ್ಶಕ್ಕೆ ನಂಬಿರುವುದು ಹಮ್ಮಿಂಗ್‌ಬರ್ಡ್ ಹಕ್ಕಿಯನ್ನು. ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುವ ಆ ಹಕ್ಕಿಗೆ ಕೂರಲು ದಳ ಬೇಕಿಲ್ಲ. ಅಡ್ಡಕ್ಕೆ ಚಾಚಿದ ಕೊಳವೆಯೊಳಗೆ ಉದ್ದ ಕೊಕ್ಕು ತೂರಿಸಿ ಮಕರಂದ ಹೀರುತ್ತದೆ, ಹೊರಗೆ ಚಾಚಿದ ಕೇಸರ ಅದರ ತಲೆಗೆ ತಾಗಿ ಪರಾಗ ಅಂಟುತ್ತದೆ. ಹೂವಿನ ಬಣ್ಣ, ಆಕಾರ, ದಿಕ್ಕು ಎಲ್ಲವೂ ಆ ಒಂದು ಹಕ್ಕಿಗಾಗಿ ಹೊಂದಿಕೊಂಡಿವೆ. ನನ್ನ ಗಿಡದಲ್ಲಿ ಮೊದಲ ಸಲ ಹೂ ಬಂದಾಗ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಮುಚ್ಚಿದ ಹೂವು ಎಷ್ಟು ಇಷ್ಟವಾಯಿತು ಅಂದರೆ, ಈಗ ಮೊಗ್ಗು ಕಂಡ ದಿನದಿಂದ ಪ್ರತಿ ಬೆಳಿಗ್ಗೆ ಹೋಗಿ ನೋಡುತ್ತೇನೆ.

ಹೂವು ಬರಬೇಕಾದರೆ ಎರಡು ವಿಷಯ ಮುಖ್ಯ. ಬೇಸಿಗೆಯಲ್ಲಿ ಬಿಸಿಲು, ಚಳಿಗಾಲದಲ್ಲಿ ತಂಪು ಮತ್ತು ಒಣ ವಿಶ್ರಾಂತಿ, 5ರಿಂದ 10 ಡಿಗ್ರಿಯ ನಡುವೆ ಸಿಕ್ಕರೆ ಇನ್ನೂ ಒಳ್ಳೆಯದು. ವರ್ಷವಿಡೀ ಬೆಚ್ಚಗೆ ಇಟ್ಟು ನೀರು ಹಾಕುತ್ತಲೇ ಇದ್ದರೆ ಗಿಡ ಎತ್ತರ ಆಗುತ್ತದೆ, ಹೂ ಬಿಡುವುದಿಲ್ಲ. ಮೊಗ್ಗು ಬಂದ ಮೇಲೆ ಪಾಟನ್ನು ತಿರುಗಿಸುವುದು, ಜಾಗ ಬದಲಿಸುವುದು ಬೇಡ.

ಒಂದರಿಂದ ಹತ್ತು ಮಾಡುವುದು

ಬುಡದಿಂದ ಹೊಸ ಕಂಬಗಳು ತಾವೇ ಬರುತ್ತವೆ, ವರ್ಷ ಕಳೆದ ಹಾಗೆ ಗಿಡ ಗುಂಪಾಗುತ್ತದೆ. ನನಗೆ ಗುಂಪೇ ಚಂದ, ಹಾಗೇ ಬಿಡುತ್ತೇನೆ. ಬೇರೆ ಮಾಡಬೇಕು ಅನ್ನುವವರು ಬೆಳೆಯುವ ಕಾಲದಲ್ಲಿ, ಒಂದು ಗೇಣಿನಷ್ಟಾದರೂ ಉದ್ದ ಇರುವ ಕಂಬವನ್ನು ಆರಿಸಿ. ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ, ಒಂದೇ ಏಟಿಗೆ ನೇರವಾಗಿ ಕತ್ತರಿಸಿ. ಕತ್ತರಿಸಿದ ತುಂಡಿನ ಅಂಚನ್ನು ಪೆನ್ಸಿಲ್ ಚೂಪು ಮಾಡಿದ ಹಾಗೆ ಸುತ್ತಲೂ ಸ್ವಲ್ಪ ಓರೆಯಾಗಿ ಕೆತ್ತಿ. ಯಾಕೆಂದರೆ ಗಾಯ ಒಣಗುವಾಗ ನಡುವಿನ ಭಾಗ ಒಳಕ್ಕೆ ಎಳೆದುಕೊಳ್ಳುತ್ತದೆ, ಬೇರು ಬರುವುದು ನಡುವಿನ ಉಂಗುರದಿಂದ. ಅಂಚು ಕೆತ್ತದಿದ್ದರೆ ಆ ಉಂಗುರ ಮಣ್ಣಿಗೆ ತಾಗುವುದೇ ಇಲ್ಲ.

ಆಮೇಲೆ ನೆರಳಿನಲ್ಲಿ, ಗಾಳಿ ಆಡುವ ಕಡೆ, ನೆಟ್ಟಗೆ ನಿಲ್ಲಿಸಿ ಒಣಗಿಸಿ. ಮಲಗಿಸಿಟ್ಟರೆ ಕಂಬ ಬಾಗುತ್ತದೆ, ಪಕ್ಕದಿಂದ ಬೇರು ಬರುತ್ತದೆ. ಖಾಲಿ ಲೋಟದೊಳಗೆ ನಿಲ್ಲಿಸಿದರೆ ಸರಿ ಹೋಗುತ್ತದೆ. ಎರಡು ಮೂರು ವಾರದಲ್ಲಿ ಗಾಯ ಗಟ್ಟಿ ಚರ್ಮದ ಹಾಗಾಗುತ್ತದೆ, ಬೆರಳಿನಲ್ಲಿ ತಟ್ಟಿದರೆ ಟಕ್ ಅನ್ನಬೇಕು. ಆಗ ಒಣ ಮಿಶ್ರಣದ ಮೇಲೆ ಒಂದೆರಡು ಸೆಂಟಿಮೀಟರ್ ಮಾತ್ರ ಇಳಿಸಿ, ಪಕ್ಕಕ್ಕೆ ಕಡ್ಡಿ ಆಧಾರ ಕೊಟ್ಟು ನಿಲ್ಲಿಸಿ. ಬೇರು ಬರುವವರೆಗೆ ನೀರು ಬೇಡ. ಮೆಲ್ಲಗೆ ಎಳೆದಾಗ ಗಿಡ ಮಣ್ಣನ್ನು ಹಿಡಿದ ಹಾಗೆ ಅನ್ನಿಸಿದರೆ ಬೇರು ಬಂದಿದೆ.

ಬೀಜದಿಂದಲೂ ಬರುತ್ತದೆ, ತಾಳ್ಮೆ ಬೇಕು ಅಷ್ಟೇ. ಬೀಜ ತುಂಬ ಸಣ್ಣ. ಒದ್ದೆ ಮಿಶ್ರಣದ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ, ಬೆಳಕು ಬೇಕು. ಮೇಲೆ ಪಾರದರ್ಶಕ ಮುಚ್ಚಳ ಹಾಕಿ 20ರಿಂದ 25 ಡಿಗ್ರಿ ಇರುವ, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಡಿ. ಒಂದರಿಂದ ಮೂರು ವಾರದಲ್ಲಿ ಹಸಿರು ಗುಂಡುಸೂಜಿ ತಲೆಯಂಥ ಮೊಳಕೆ ಕಾಣುತ್ತದೆ. ಮೊದಲ ವರ್ಷ ಇವು ದೊಡ್ಡ ಗಿಡದ ನಿಯಮಕ್ಕೆ ಬರುವುದಿಲ್ಲ, ಮಣ್ಣು ಪೂರ್ತಿ ಒಣಗಲು ಬಿಡಬೇಡಿ.

ಬಿಳಿಯಲ್ಲಿ ಬಿಳಿ ಹುಳ

ಈ ಗಿಡದ ದೊಡ್ಡ ಶತ್ರು ಹಿಟ್ಟು ತಿಗಣೆ. ಅದೂ ಬಿಳಿ, ಗಿಡವೂ ಬಿಳಿ. ಬೇರೆ ಗಿಡದಲ್ಲಿ ಮೊದಲ ದಿನವೇ ಕಣ್ಣಿಗೆ ಬೀಳುವ ಹುಳ ಇಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದೆ. ಹಾಗಾಗಿ ಹುಳ ಹುಡುಕುವುದಕ್ಕಿಂತ ಇರುವೆ ಹುಡುಕಿ. ಇರುವೆಗಳು ಸಾಲಾಗಿ ಕಾಂಡ ಹತ್ತುತ್ತಿದ್ದರೆ ಮೇಲೆ ಸಿಹಿ ಅಂಟು ಸುರಿಸುವ ತಿಗಣೆ ಇದ್ದೇ ಇರುತ್ತದೆ. ಮುಳ್ಳಿನ ಬಿಳಿ ಹೊಳೆಯುತ್ತದೆ, ಹುಳದ ಬಿಳಿ ಮಂಕು, ಹಿಟ್ಟಿನ ಹಾಗೆ ಮುದ್ದೆಯಾಗಿರುತ್ತದೆ. ಟಾರ್ಚ್ ಬೆಳಕನ್ನು ಓರೆಯಾಗಿ ಹಿಡಿದರೆ ವ್ಯತ್ಯಾಸ ಕಾಣುತ್ತದೆ. ಸಣ್ಣ ಪೇಂಟ್ ಬ್ರಷ್ಷನ್ನು 70 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒಂದೊಂದಕ್ಕೂ ತಾಗಿಸಿ. ವಾರಕ್ಕೊಮ್ಮೆ, ಮೂರು ನಾಲ್ಕು ವಾರ ಬಿಡದೆ ಮಾಡಿ, ಮೊಟ್ಟೆಗಳು ಒಡೆಯುತ್ತಲೇ ಇರುತ್ತವೆ. ಪಾಟ್ ಬದಲಾಯಿಸುವಾಗ ಬೇರಿನ ಮೇಲೆ, ಪಾಟಿನ ಒಳಗೋಡೆಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೇರಿನ ತಿಗಣೆ. ಮಣ್ಣೆಲ್ಲ ತೊಳೆದು, ಬೇರನ್ನು ಒಣಗಿಸಿ, ಹೊಸ ಮಣ್ಣಿಗೆ ಹಾಕಬೇಕು.

ತುದಿಯ ಹತ್ತಿರ ತುಕ್ಕು ಹಿಡಿದ ಹಾಗೆ ಕಂದು ಪದರ, ಸಣ್ಣ ಬಲೆ ಕಂಡರೆ ಕೆಂಪು ನುಸಿ. ಅದಕ್ಕೆ ಒಣ, ಗಾಳಿಯಾಡದ ಜಾಗ ಇಷ್ಟ. ನೀರನ್ನು ಜೋರಾಗಿ ಸಿಂಪಡಿಸಿ ತೊಳೆಯಿರಿ, ಗಾಳಿಗೆ ಇಡಿ. ಬೇವಿನ ಎಣ್ಣೆ ಬಳಸುವುದಾದರೆ ಸಂಜೆ ಮಾತ್ರ, ಅದೂ ಮೊದಲು ಒಂದು ಕಡೆ ಸ್ವಲ್ಪ ಹಚ್ಚಿ ನೋಡಿ. ಎಣ್ಣೆ ಹಚ್ಚಿ ಬಿಸಿಲಿಗಿಟ್ಟರೆ ಸುಡುತ್ತದೆ.

ಬುಡ ಕೊಳೆತರೆ

ಬುಡ ಮೆತ್ತಗಾಗಿದೆ, ಬಣ್ಣ ಕಪ್ಪಾಗಿದೆ ಅಂದರೆ ಆ ದಿನವೇ ಚಾಕು ಹಿಡಿಯಿರಿ. ನಾಳೆ ನೋಡೋಣ ಅಂದರೆ ಕೊಳೆತ ಒಳಗಿಂದೊಳಗೆ ಮೇಲೇರುತ್ತದೆ, ಹೊರಗೆ ಮುಳ್ಳು ಬೆಳ್ಳಗೇ ಇರುತ್ತದೆ. ನನ್ನ ಮೊದಲ ಗಿಡಕ್ಕೆ ಆದದ್ದು ಇದೇ. ಮೆತ್ತಗಿನ ಭಾಗಕ್ಕಿಂತ ಮೇಲೆ, ಗಟ್ಟಿ ಇರುವ ಕಡೆ ಕತ್ತರಿಸಿ, ಕತ್ತರಿಸಿದ ಮುಖವನ್ನು ಚೆನ್ನಾಗಿ ನೋಡಿ. ಸುತ್ತ ಹಸಿರು ತಿರುಳು, ನಡುವೆ ತಿಳಿ ಬಣ್ಣದ ಉಂಗುರ ಕಾಣುತ್ತದೆ. ಆ ಉಂಗುರದಲ್ಲಿ ಒಂದೇ ಒಂದು ಕಂದು ಅಥವಾ ಕಿತ್ತಳೆ ಚುಕ್ಕೆ ಇದ್ದರೂ ಕೊಳೆತ ಇನ್ನೂ ಮೇಲೆ ಇದೆ. ಚಾಕುವನ್ನು ಮತ್ತೆ ಸ್ಪಿರಿಟ್‌ನಿಂದ ಒರೆಸಿ, ಇನ್ನೂ ಒಂದು ಬೆರಳು ಮೇಲೆ ಕತ್ತರಿಸಿ. ಪ್ರತಿ ಸಲವೂ ಒರೆಸಬೇಕು, ಇಲ್ಲದಿದ್ದರೆ ಚಾಕುವೇ ರೋಗವನ್ನು ಮೇಲೆ ಹೊತ್ತುಕೊಂಡು ಹೋಗುತ್ತದೆ. ಉಂಗುರ ಪೂರ್ತಿ ಶುಚಿಯಾಗುವವರೆಗೆ ಹೀಗೇ ಮಾಡಿ. ಎತ್ತರ ಕಳೆದುಕೊಂಡೆವಲ್ಲ ಅಂತ ಮನಸ್ಸು ಹಿಂಜರಿಯುತ್ತದೆ, ಹಿಂಜರಿಯಬೇಡಿ.

ಶುಚಿಯಾದ ಮುಖಕ್ಕೆ ಗಂಧಕದ ಪುಡಿ ಹಚ್ಚಿ, ಮೇಲೆ ಹೇಳಿದ ಹಾಗೆ ಅಂಚು ಕೆತ್ತಿ, ನೆಟ್ಟಗೆ ನಿಲ್ಲಿಸಿ ಒಣಗಿಸಿ. ಹಳೆ ಮಣ್ಣನ್ನು ಎಸೆಯಿರಿ, ಪಾಟನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಉಳಿದ ತುಂಡು ಒಂದು ಗೇಣು ಇದ್ದರೂ ಸಾಕು, ಅದರಿಂದ ಗಿಡ ಬರುತ್ತದೆ. ಚಳಿಗಾಲದಲ್ಲಿ ಹೀಗಾದರೆ ಗಾಯ ಒಣಗಿಸಿ ಬೆಳಕಿರುವ ಒಣ ಜಾಗದಲ್ಲಿ ಹಾಗೇ ನಿಲ್ಲಿಸಿಡಿ, ಬೆಚ್ಚಗಾದ ಮೇಲೆ ನೆಡಿ. ಎರಡು ಮೂರು ತಿಂಗಳು ಮಣ್ಣಿಲ್ಲದೆ, ನೀರಿಲ್ಲದೆ ಇದ್ದರೂ ತನ್ನೊಳಗಿನ ನೀರಿನಲ್ಲೇ ಅದು ಬದುಕಿರುತ್ತದೆ. ನೆಟ್ಟ ಮೇಲೆ ತುದಿಯನ್ನು ಗಮನಿಸುತ್ತಿರಿ. ಹಳೆ ಮುಳ್ಳಿನ ನಡುವಿನಿಂದ ಹೊಸ ಮುಳ್ಳು ಗಾಜಿನ ಎಳೆಯ ಹಾಗೆ ಹೊಳೆಯುತ್ತ ಮೇಲೆ ಬಂದರೆ ಕೆಳಗೆ ಬೇರು ಹಿಡಿದಿದೆ. ಅವತ್ತು ಸಂಜೆ ಮೊದಲ ನೀರು ಹಾಕಿ, ತೂತಿನಿಂದ ಹರಿಯುವಷ್ಟು.